ಹೆಲಿಕಾಪ್ಟರ್ ಜೈರೋದ ‘ಗೇನ್’ಗೆ ಕನ್ನಡದಲ್ಲಿ ಏನಂತೀರಿ?

ಎಲ್ರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ರ, ರಿಮೋಟ್ ಹೆಲಿಕಾಪ್ಟರ್ ಹಾರಿಸೋದು ನಂಗೆ ಬಹಳ ಇಷ್ಟ. ಮೊನ್ನೆ ಕೊಯ್ಲಾದ ಗದ್ದೇಲಿ ಬಾಲದ ಜೈರೋ (ಬಾಲ ತಿರುಗಿದ್ದನ್ನ ಗುರುತಿಸೋ ಸಾಧನ) ಸೆಟ್ ಮಾಡ್ತಿದ್ದೆ, ಬಾಲ ಪಟಪಟ ಆ ಕಡೆ ಈ ಕಡೆ ಹೊಡ್ಕೊಳ್ತಿತ್ತು, ಕೆಳಗಿಳಿಸಿ ಮೋಟರ್ ಆಫ್ ಮಾಡಿ ರಿಮೋಟನ್ನ ಅಕ್ಕನ ಮಗನ ಕೈಗೆ ಕೊಟ್ಟು ‘ಗೇನ್ ಸ್ವಲ್ಪ ಇಳಿಸೋ’ ಅಂದೆ. ಅವನು ಹೆಬ್ಬೆರಳು ಕಿರುಬೆರಳು ಅಗಲಿಸಿ ಹಿಡಿದು ‘ಎಷ್ಟು ಗೇಣು ಮಾಮ?’ ಅಂದ. ಅವತ್ತಿಂದ ಇದೇ ತಲೇಲಿ ಕೊರೀತಿದೆ.

ನಿಘಂಟು ನೋಡಿದ್ರೆ ಲಾಭ, ಗಳಿಕೆ ಅಂತಿದೆ, ಅದು ಅಡಿಕೆ ವ್ಯಾಪಾರಕ್ಕೆ ಸರಿ, ಇಲ್ಲಿಗೆ ಹೊಂದಲ್ಲ. ಮೇಲಿನ ರೆಕ್ಕೆ ಒಂದು ಕಡೆ ಸುತ್ತಿದ್ರೆ ಹೆಲಿಕಾಪ್ಟರಿನ ಮೈ ಎದುರು ದಿಕ್ಕಿಗೆ ತಿರುಗೋಕೆ ನೋಡುತ್ತೆ, ಅದನ್ನ ತಡೆಯೋದು ಬಾಲದ ಸಣ್ಣ ರೆಕ್ಕೆ. ಬಾಲ ಸರಿದದ್ದನ್ನ ಜೈರೋ ಹಿಡಿದು ಸರ್ವೊ ಅನ್ನೋ ಸಣ್ಣ ಮೋಟರಿಗೆ ಹೇಳುತ್ತೆ, ಸರ್ವೊ ಆ ಸಣ್ಣ ರೆಕ್ಕೆಯ ಓರೆ ಬದಲಿಸುತ್ತೆ. ಇಷ್ಟು ಸರಿದ್ರೆ ಎಷ್ಟು ಜೋರಾಗಿ ತಿದ್ದಬೇಕು ಅನ್ನೋದೇ ಗೇನ್. ಕಮ್ಮಿ ಆದ್ರೆ ಬಾಲ ಸಡಿಲ, ಜಾಸ್ತಿ ಆದ್ರೆ ತಿದ್ದೋಕೆ ಹೋಗಿ ಆಚೆ ದಾಟುತ್ತೆ, ಮತ್ತೆ ವಾಪಸ್ ತಿದ್ದೋಕೆ ಹೋಗಿ ಈಚೆ ದಾಟುತ್ತೆ, ಅದೇ ಆ ಪಟಪಟ.

ನಾವು ಇಲ್ಲಿ ಕೆಲವರು ‘ಬಿಗಿ’ ಅಂತ ಬಳಸ್ತಿದ್ವಿ. ಕೇಳೋಕೆ ಚೆನ್ನಾಗೇ ಇದೆ, ಆದ್ರೆ ಸಾಗರದ ಗೆಳೆಯರೊಬ್ರು ಫೋನ್ ಮಾಡಿ ‘ಬಾಲ ಬಿಗಿ ಆಗಿದೆ, ನಡುಗುತ್ತೆ’ ಅಂದಾಗ ನಾನು ಗೇನ್ ಇಳಿಸಿ ಇಳಿಸಿ ಅಂತ ಅರ್ಧ ಗಂಟೆ ಹೇಳಿದೆ, ನೋಡಿದ್ರೆ ಸರ್ವೊದಿಂದ ಬಾಲಕ್ಕೆ ಹೋಗೋ ಕಡ್ಡಿಯ ತುದಿಯ ಕೀಲು, ಬಾಲ್ ಲಿಂಕೇ ಬಿಗಿ ಇತ್ತಂತೆ! ಅಲ್ಲಿ ಕಡ್ಡಿ ಸಲೀಸಾಗಿ ಆಡದಿದ್ರೂ ಬಾಲ ಹಾಗೇ ಹೊಡ್ಕೊಳ್ಳುತ್ತೆ, ಹಾಗಾಗಿ ಎರಡಕ್ಕೂ ಒಂದೇ ಮಾತು ಬೇಡ ಅನ್ಸುತ್ತೆ. ‘ಚುರುಕು’ ಅಂದ್ರೆ ಸರ್ವೊ ಸ್ಪೀಡ್ ಅಂತ ತಿಳ್ಕೊಳ್ತಾರೆ.

ಜೈರೋ ಕೆಲಸ ಮಾಡೋ ಮೋಡ್ ಎರಡು, ರೇಟ್ ಮತ್ತು ಹೆಡಿಂಗ್ ಹೋಲ್ಡ್. ಹೆಡಿಂಗ್ ಹೋಲ್ಡ್‌ಗೆ ಮಾತ್ರ ನಂಗೆ ಒಳ್ಳೆ ಪದ ಸಿಕ್ಕಿದೆ, ‘ಪಟ್ಟು’. ರೇಟ್ ಮೋಡಲ್ಲಿ ಜೈರೋ ಆ ಕ್ಷಣದ ತಿರುಗಾಟವನ್ನಷ್ಟೇ ತಡೆಯುತ್ತೆ, ಅಡ್ಡಗಾಳಿ ಬೀಸಿದ್ರೆ ಮೂತಿ ನಿಧಾನಕ್ಕೆ ಗಾಳಿ ಕಡೆ ತಿರುಗಿಬಿಡುತ್ತೆ. ಹೆಡಿಂಗ್ ಹೋಲ್ಡಲ್ಲಿ ಹಾಗಲ್ಲ, ಮೊದ್ಲು ಎಲ್ಲಿ ಮುಖ ಮಾಡಿತ್ತೋ ಅಲ್ಲಿಗೇ ವಾಪಸ್ ತರುತ್ತೆ, ಪಟ್ಟು ಬಿಡಲ್ಲ. ಸಾಮಾನ್ಯವಾಗಿ ಎರಡು ಮೋಡನ್ನೂ ರಿಮೋಟಿನ ಒಂದೇ ಚಾನೆಲಲ್ಲಿ ಇಡ್ತೀವಿ, ಸೊನ್ನೆಯಿಂದ ಒಂದು ಕಡೆ ಪಟ್ಟು, ಇನ್ನೊಂದು ಕಡೆ ರೇಟ್, ಸೊನ್ನೆಯಿಂದ ದೂರ ಹೋದಷ್ಟೂ ಗೇನ್ ಜಾಸ್ತಿ. ಅಂದ್ರೆ ನಾವು ಹುಡುಕೋ ಪದ ಎರಡೂ ಕಡೆಗೂ ಒಪ್ಪಬೇಕು.

ಇನ್ನೊಂದು ಹೊಳೀತು. ಯಕ್ಷಗಾನದ ಆಟದಲ್ಲಿ ಮೈಕ್ ಕುಂಯ್ ಅಂತ ಕೂಗುತ್ತಲ್ಲ, ಅಲ್ಲೂ ಗೇನ್ ಜಾಸ್ತಿ ಆಗಿ ಸ್ಪೀಕರಿನ ಸದ್ದು ಮತ್ತೆ ಮೈಕಿಗೇ ಹೋಗಿ ಸುತ್ತೋದು, ಎರಡರ ಮೂಲವೂ ಒಂದೇ. ನಿಮ್ಮಲ್ಲಿ ಯಾರಾದ್ರೂ ಮೈಕ್ ಸೆಟ್ ನಡೆಸೋರು ಇದ್ರೆ ದಯವಿಟ್ಟು ತಿಳಿಸಿ, ರಾತ್ರಿ ಆಟದ ನಡುವೆ ಕೂಗಿದಾಗ ನಿಮ್ಮ ಹುಡುಗನಿಗೆ ಏನನ್ನ ಇಳಿಸು ಅಂತ ಹೇಳ್ತೀರಿ?