ಸಹಾಯ ಬೇಕು: ಅಗಲಿದ ಗೆಳೆಯನ ನಾಲ್ಕು ಟ್ರ್ಯಾಕ್‌ನ ಕ್ಯಾಸೆಟ್‌ಗಳು

ನಮ್ಮ ತಂಡದ ಗಿಟಾರ್, ಮ್ಯಾಂಡೋಲಿನ್, ಹಾರ್ಮೋನಿಯಂ, ತಬಲಾ ಎಲ್ಲವೂ ತಾನೇ ಆಗಿದ್ದ ಗೆಳೆಯ ಇನ್ನಿಲ್ಲ. ಅವನು ಒಬ್ಬನೇ ನುಡಿಸಿಟ್ಟ ಆರು ಕ್ಯಾಸೆಟ್‌ಗಳನ್ನು ನೆನಪಿನ ಸಭೆಯಲ್ಲಿ ಕೇಳಿಸಬೇಕು.

ಎಲ್ಲವೂ ನಾಲ್ಕು ಟ್ರ್ಯಾಕ್ ರೆಕಾರ್ಡರ್‌ನಲ್ಲಿ (ಟೇಪಿನ ಎರಡೂ ಬದಿಯ ನಾಲ್ಕು ಪಟ್ಟಿಗಳನ್ನೂ ಒಂದೇ ದಿಕ್ಕಿನಲ್ಲಿ ತುಂಬುವ ಯಂತ್ರ), ಸೆಕೆಂಡಿಗೆ 9.5 ಸೆಂ.ಮೀ. ವೇಗದಲ್ಲಿ ಆದವು. ಮಾಮೂಲಿ ಡೆಕ್ಕಿನ ವೇಗ ಅದರರ್ಧ. ಹಾಗಾಗಿ ಗಿಟಾರ್ ಒಂದು ಸ್ಥಾಯಿ ಕೆಳಗಿಳಿದು ಗೊಗ್ಗರಾಗುತ್ತದೆ. ಮಗುಚಿ ಹಾಕಿದರೆ ತಬಲಾ ಹಿಂದುಮುಂದಾಗಿ ಕೇಳುತ್ತದೆ (ಅವನಿದ್ದಿದ್ದರೆ ನಕ್ಕುಬಿಡುತ್ತಿದ್ದ). ಎರಡೂ ಬದಿಯನ್ನು ಕಂಪ್ಯೂಟರ್‌ಗೆ 96 ಕಿಲೋಹರ್ಟ್ಸ್‌ನಲ್ಲಿ ಇಳಿಸಿ, ಒಂದನ್ನು ತಿರುಗಿಸಿ, ವೇಗ ಇಮ್ಮಡಿಸಿ ಜೋಡಿಸಬಹುದು. ಆದರೆ ಎರಡು ಓಟದ ವೇಗ ಒಂದೇ ಇರುವುದಿಲ್ಲ, ಹಾಡು ಮುಗಿಯುವಷ್ಟರಲ್ಲಿ ತಾಳ ಜಾರುತ್ತದೆ.

ನಾಲ್ಕನ್ನೂ ಒಟ್ಟಿಗೆ ಓದುವ, ಬೆಲ್ಟ್ ಸಡಿಲವಾಗದ ಯಂತ್ರ ಯಾರ ಬಳಿಯಾದರೂ ಇದೆಯೇ? ಡಿಬಿಎಕ್ಸ್ (ಟೇಪಿನ ಹಿಸ್ ಸದ್ದು ತಗ್ಗಿಸುವ ವ್ಯವಸ್ಥೆ) ಇರಲೇಬೇಕು, ಇಲ್ಲದಿದ್ದರೆ ಪ್ರತಿ ಸ್ವರದ ಬೆನ್ನಿಗೂ ಹಿಸ್ ಉಬ್ಬುತ್ತದೆ. ಒಂದು ಕ್ಯಾಸೆಟ್‌ನಲ್ಲಿ ಟೇಪನ್ನು ಹೆಡ್ಡಿಗೆ ಒತ್ತಿಹಿಡಿಯುವ ಪ್ರೆಶರ್ ಪ್ಯಾಡ್ ಉದುರಿದೆ, ಅದರ ಟೇಪನ್ನು ಹೊಸ ಕ್ಯಾಸೆಟ್ ಕವಚಕ್ಕೆ ಬದಲಿಸಿಯೇ ಕೊಡುತ್ತೇವೆ.