ಪುಟ್ಟಿಗೆ ಅದನ್ನು ಕಳುಹಿಸಬೇಡಿ

ಚಿಕ್ಕಪ್ಪ: (ಫಾರ್ವರ್ಡ್) ಎಂ.ಎಸ್. (ಮಲ್ಟಿಪಲ್ ಸ್ಕ್ಲೆರೋಸಿಸ್, ಮೆದುಳು-ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ರೋಗ) ಕಾಯಿಲೆಗೆ ಕರುಳಿನ ಬ್ಯಾಕ್ಟೀರಿಯಾವೇ ಕಾರಣ! ಆಂಟಿಬಯೋಟಿಕ್ ನುಂಗಿದರೆ ಸಾಕು, ದುಬಾರಿ ಇಂಜೆಕ್ಷನ್ ಬೇಡ. ಎಲ್ಲರಿಗೂ ತಿಳಿಸಿ.

ಚಿಕ್ಕಪ್ಪ: ಪುಟ್ಟಿಗೂ ಕಳುಹಿಸುತ್ತೇನೆ, ಅವಳಿಗೂ ಇದೇ ಕಾಯಿಲೆ ಅಲ್ಲವೇ.

ನಾನು: ಬೇಡ ಚಿಕ್ಕಪ್ಪ, ದಯವಿಟ್ಟು. ಮೊದಲ ಸಾಲು ಅರ್ಧ ನಿಜ, ಎರಡನೆಯದು ಅಪಾಯ.

ಚಿಕ್ಕಪ್ಪ: ಅರ್ಧ ನಿಜ ಯಾವುದು, ಹೇಳು.

ನಾನು: ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಒಂದು ಬಗೆ ಎಪ್ಸಿಲಾನ್ ಎಂಬ ವಿಷ ಮಾಡುತ್ತದೆ. ಆ ಬಗೆ ಎಂ.ಎಸ್. ಇರುವವರ ಕರುಳಿನಲ್ಲಿ ಆರೋಗ್ಯವಂತರಿಗಿಂತ ಹೆಚ್ಚು ಸಿಕ್ಕಿತೆಂದು ನ್ಯೂಯಾರ್ಕಿನ ಸಂಶೋಧಕರು 2023ರಲ್ಲಿ ಪ್ರಕಟಿಸಿದರು. ಮೆದುಳಿನ ರಕ್ತನಾಳಗಳ ಗೋಡೆಯ ತಡೆಯನ್ನು ಸಡಿಲಿಸಿ, ನರಗಳಿಗೆ ಮೈಲಿನ್ ಹೊದಿಕೆ ಹಾಕುವ ಕೋಶಗಳನ್ನೇ ಕೊಲ್ಲಬಲ್ಲ ವಿಷ ಅದು.

ದೊಡ್ಡಪ್ಪ: ಕುರಿಗಳ ಕರುಳುಬೇನೆ ಇದರಿಂದಲೇ ಅಲ್ಲವೇ? ಮಳೆಗಾಲಕ್ಕೆ ಮುಂಚೆ ಲಸಿಕೆ ಹಾಕಿಸುತ್ತಿದ್ದೆವು. ತಪ್ಪಿದ ವರ್ಷ, ಚಿಗುರು ಮೇದು ದುಂಡಗಾದ ಮರಿಯೇ ಬೆಳಗಾಗುವಷ್ಟರಲ್ಲಿ ಕತ್ತು ಹಿಂದಕ್ಕೆ ಸೆಟೆದು ಸತ್ತಿರುತ್ತಿತ್ತು.

ನಾನು: ಅದೇ ವಿಷ, ದೊಡ್ಡಪ್ಪ. ಆದರೆ ಮನುಷ್ಯರಲ್ಲಿ ಕಂಡಿರುವುದು ನಂಟು ಮಾತ್ರ, ಅದೇ ಕಾರಣವೆಂದು ಸಾಬೀತಾಗಿಲ್ಲ. 1999ರಲ್ಲೂ ಹೀಗೇ ಆಯಿತು. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ಎಂ.ಎಸ್. ರೋಗಿಗಳ ಬೆನ್ನುಹುರಿಯ ದ್ರವದಲ್ಲಿ ಕ್ಲಮೈಡಿಯಾ ನ್ಯುಮೋನಿಯೇ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು ಎಂದರು. ಬೇರೆ ಹಲವು ಪ್ರಯೋಗಾಲಯಗಳಿಗೆ ಅದು ಸಿಗಲೇ ಇಲ್ಲ. ಸಣ್ಣ ಪ್ರಯೋಗವೊಂದರಲ್ಲಿ ರಿಫಾಂಪಿಸಿನ್, ಅಜಿಥ್ರೋಮೈಸಿನ್ ಎಂಬ ಆಂಟಿಬಯೋಟಿಕ್‌ಗಳನ್ನು ಕೊಟ್ಟು ನೋಡಿದರೂ ಮೆದುಳಿನ ಹೊಸ ಕಲೆಗಳು ಹೇಳಿಕೊಳ್ಳುವಷ್ಟು ತಗ್ಗಲಿಲ್ಲ.

ಅತ್ತಿಗೆ: ವೈರಸ್‌ನಿಂದ ಎಂದೂ ಓದಿದ್ದೆ.

ನಾನು: ಎಪ್‌ಸ್ಟೀನ್-ಬಾರ್ ವೈರಸ್. ಅದರ ಪುರಾವೆ ಹೆಚ್ಚು ಗಟ್ಟಿ. ಒಂದು ಕೋಟಿಗೂ ಹೆಚ್ಚು ಅಮೆರಿಕನ್ ಸೈನಿಕರ ದಾಖಲೆ ನೋಡಿದ 2022ರ ಅಧ್ಯಯನದಲ್ಲಿ, ಆ ಸೋಂಕಿನ ನಂತರ ಎಂ.ಎಸ್. ಅಪಾಯ 32 ಪಟ್ಟು ಏರಿತ್ತು. ಆದರೂ ಹೆಚ್ಚುಕಡಿಮೆ ಎಲ್ಲ ವಯಸ್ಕರಲ್ಲೂ ಇರುವ ವೈರಸ್ ಅದು, ರೋಗ ಬರುವುದು ಕೆಲವರಿಗೆ ಮಾತ್ರ.

ಚಿಕ್ಕಪ್ಪ: ಇಂಜೆಕ್ಷನ್ ಖರ್ಚಿಗೆ ಭಾವ ಸೈಟು ಮಾರಿದ್ದು ನಿನಗೆ ಗೊತ್ತಿದೆ. ಒಳ್ಳೆಯದಾಗಲಿ ಎಂದೇ ಹಾಕಿದೆ.

ನಾನು: ನಿಮ್ಮ ಮನಸ್ಸು ಗೊತ್ತು. ಆದರೆ ಪುಟ್ಟಿ ಔಷಧಿ ಬಿಟ್ಟು ರೋಗ ಮರುಕಳಿಸಿದರೆ, ಹೋದ ಕಾಲಿನ ಶಕ್ತಿ ಪೂರ್ತಿ ವಾಪಸು ಬರುತ್ತದೆ ಎನ್ನುವಂತಿಲ್ಲ. ಸೋಂಕಿನ ವಿಷಯದಲ್ಲಿ ನೆರವಾಗಬೇಕೆಂದರೆ ಬೇರೆ ದಾರಿಯಿದೆ. ಜ್ವರ ಬಂದರೆ, ಮೂತ್ರದಲ್ಲಿ ಉರಿ ಕಂಡರೆ ಅವಳ ಕಾಲು ಸೋಲುತ್ತದೆ. ಅದೇ ದಿನ ಡಾಕ್ಟರ ಬಳಿಗೆ ಕರೆದೊಯ್ಯಬೇಕು. ಆಂಟಿಬಯೋಟಿಕ್ ಬೇಕೋ ಬೇಡವೋ ಅವರು ಹೇಳಲಿ.

ಚಿಕ್ಕಪ್ಪ: ಬೆಳಿಗ್ಗೆಯೇ ಭಾವನಿಗೆ ಕಳುಹಿಸಿಬಿಟ್ಟಿದ್ದೇನೆ.

ನಾನು: ಹಾಗಾದರೆ ಈಗಲೇ ಫೋನ್ ಮಾಡಿ. ಸೋಮವಾರ ಪುಟ್ಟಿಗೆ ಔಷಧಿಯ ಡ್ರಿಪ್ ಇದೆ, ತಪ್ಪಿಸಬಾರದು.

ಚಿಕ್ಕಪ್ಪ: ಮಾಡುತ್ತಿದ್ದೇನೆ. ಸೋಮವಾರ ಕಾರು ನಾನೇ ತರುತ್ತೇನೆ.