ಹಳೆಯ ಅಂಗಡಿಯ ಕರೆಂಟ್ ಬಿಲ್ಲು ಇಳಿಸಲು ಯಾವುದರಿಂದ ತೊಡಗಬೇಕು?

ಪ್ರಶ್ನೆ, ಉಡುಪಿಯಿಂದ:

ಕಲ್ಸಂಕದ ಬಳಿ ನಮ್ಮದೊಂದು ಎರಡು ಅಂತಸ್ತಿನ ಬಟ್ಟೆ ಅಂಗಡಿಯಿದೆ. ಕಟ್ಟಡಕ್ಕೆ ಇಪ್ಪತ್ತೈದು ವರ್ಷವಾಯಿತು, ವಯರಿಂಗ್ ಕೂಡ ಅಷ್ಟೇ ಹಳೆಯದು. ಮೆಸ್ಕಾಂ ಬಿಲ್ಲು ಏರುತ್ತಲೇ ಇರುವುದರಿಂದ ಮೂವರು ಗುತ್ತಿಗೆದಾರರನ್ನು ಕರೆಸಿ ಕೇಳಿದೆವು. ಒಬ್ಬರು ದೀಪಗಳನ್ನೆಲ್ಲ ಎಲ್‌ಇಡಿಗೆ ಬದಲಾಯಿಸಿ ಎಂದರು, ಇನ್ನೊಬ್ಬರು ತಾರಸಿಯ ಮೇಲೆ ಸೋಲಾರ್ ಹಾಕಿಸಿ ಎಂದರು, ಮೂರನೆಯವರು ವಯರಿಂಗ್ ಪೂರ್ತಿ ಕಿತ್ತು ಹೊಸದು ಮಾಡಬೇಕೆಂದು ದೊಡ್ಡ ಮೊತ್ತದ ಕೊಟೇಶನ್ ಕೊಟ್ಟರು. ಮೂರನ್ನೂ ಒಟ್ಟಿಗೆ ಮಾಡಿಸುವಷ್ಟು ಹಣ ನಮ್ಮಲ್ಲಿಲ್ಲ. ಇಂಥ ಕೆಲಸ ಮಾಡಿದವರು, ಮಾಡಿಸಿಕೊಂಡವರು ದಯವಿಟ್ಟು ತಮ್ಮ ಅನುಭವ ತಿಳಿಸಬೇಕು.

ಮಂಗಳೂರಿನ ಗುತ್ತಿಗೆದಾರರೊಬ್ಬರು:

ಅಣ್ಣಾ, ಇಪ್ಪತ್ತೆರಡು ವರ್ಷಗಳಿಂದ ಅಂಗಡಿ, ಹೋಟೆಲು, ಆಫೀಸುಗಳ ಎಲೆಕ್ಟ್ರಿಕಲ್ ಕೆಲಸ ಮಾಡಿಕೊಂಡು ಬಂದಿದ್ದೇನೆ. ಆ ಮೂವರಲ್ಲಿ ಯಾರಾದರೂ ಮೈನ್ ಬೋರ್ಡಿನ ಬಾಗಿಲು ತೆರೆದು, ಟಾಂಗ್ ಟೆಸ್ಟರ್ (ತಂತಿಯ ಸುತ್ತ ಇಕ್ಕಳದಂತೆ ಹಿಡಿದು ಕರೆಂಟು ಅಳೆಯುವ ಉಪಕರಣ) ಹಾಕಿ, ಯಾವ ಫೇಸಿನಲ್ಲಿ ಎಷ್ಟು ಆಂಪಿಯರ್ ಹೋಗುತ್ತಿದೆ ಎಂದು ಬರೆದುಕೊಂಡರೇ? ಇಲ್ಲವಾದರೆ ಮೂರು ಕೊಟೇಶನ್‌ಗಳನ್ನೂ ಸದ್ಯಕ್ಕೆ ಬದಿಗಿಡಿ. ಕರೆಂಟು ಎಲ್ಲಿ ಖರ್ಚಾಗುತ್ತಿದೆ ಎಂದು ಅಳೆಯದೆ ಉಳಿತಾಯದ ಮಾತಾಡುವುದು ತಪ್ಪು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲ ಅಳತೆಯನ್ನು ನೀವೇ ಮಾಡಬಹುದು. ರಾತ್ರಿ ಶಟರ್ ಎಳೆದ ಮೇಲೆ ಮೀಟರಿನ ಮುಂದೆ ನಿಂತು, ಅದರಲ್ಲಿ ಮಿನುಗುವ ಸಣ್ಣ ಕೆಂಪು ದೀಪವನ್ನು ಒಂದು ನಿಮಿಷ ಎಣಿಸಿರಿ. ಯೂನಿಟ್ಟಿಗೆ ಎಷ್ಟು ಮಿನುಗು ಎಂಬುದು ಮೀಟರಿನ ಮೇಲೆಯೇ ಬರೆದಿರುತ್ತದೆ. ಕೆಲವು ವರ್ಷಗಳ ಹಿಂದೆ ಹಂಪನಕಟ್ಟೆಯ ಕಡೆ ಒಂದು ಅಂಗಡಿಯಲ್ಲಿ ಹೀಗೆ ಎಣಿಸಿದಾಗ ನಿಮಿಷಕ್ಕೆ 80 ಬಂತು. ಆ ಮೀಟರಿಗೆ ಯೂನಿಟ್ಟಿಗೆ 3200 ಮಿನುಗು, ಎಂದರೆ ಮುಚ್ಚಿದ ಅಂಗಡಿ 1.5 ಕಿಲೋವ್ಯಾಟ್ ಎಳೆಯುತ್ತಿತ್ತು. ಬ್ರೇಕರುಗಳನ್ನು ಒಂದೊಂದಾಗಿ ಇಳಿಸುತ್ತ ಹೋದಾಗ ಸಿಕ್ಕಿದ್ದು ಬಾವಿಯ ಪಂಪು. ತಾರಸಿಯ ಟ್ಯಾಂಕಿಯ ಫ್ಲೋಟ್ ಸ್ವಿಚ್ಚು ಕೆಟ್ಟು ಪಂಪು ನಿಲ್ಲುತ್ತಲೇ ಇರಲಿಲ್ಲ. ಜುಲೈ ತಿಂಗಳಾದ್ದರಿಂದ ಬಾವಿ ತುಂಬಿತ್ತು, ಮಳೆನೀರಿನ ಪೈಪು ಹೇಗಿದ್ದರೂ ಸುರಿಯುತ್ತಲೇ ಇತ್ತು, ಹಾಗಾಗಿ ಟ್ಯಾಂಕಿ ಉಕ್ಕುತ್ತಿರುವುದು ಯಾರ ಕಿವಿಗೂ ಬಿದ್ದಿರಲಿಲ್ಲ. ಮುಚ್ಚಿದ ಹೊತ್ತು ಹತ್ತು ತಾಸೆಂದು ಹಿಡಿದರೂ ತಿಂಗಳಿಗೆ 450 ಯೂನಿಟ್ಟು ಹಾಗೆ ಹೋಗುತ್ತಿತ್ತು.

ಎಲ್‌ಇಡಿ ಎಂದವರ ಮಾತು ಸುಳ್ಳಲ್ಲ. ಹಳೆಯ 36 ವ್ಯಾಟಿನ ಟ್ಯೂಬು ಚೋಕು ಸೇರಿ ಸುಮಾರು 50 ವ್ಯಾಟ್ ತಿನ್ನುತ್ತದೆ, ಎಲ್‌ಇಡಿ ಟ್ಯೂಬಿಗೆ 18 ಸಾಕು. ನಿಮ್ಮಲ್ಲಿ 60 ಟ್ಯೂಬುಗಳು ದಿನಕ್ಕೆ 12 ತಾಸು ಉರಿಯುತ್ತವೆ ಎಂದಿಟ್ಟುಕೊಂಡರೆ ತಿಂಗಳಿಗೆ ಸುಮಾರು 690 ಯೂನಿಟ್ಟು ಉಳಿಯುತ್ತದೆ. 75 ವ್ಯಾಟಿನ ಫ್ಯಾನುಗಳ ಬದಲು 30 ವ್ಯಾಟಿನ ಬಿಎಲ್‌ಡಿಸಿ (ಕಡಿಮೆ ಕರೆಂಟು ತಿನ್ನುವ ಹೊಸ ಬಗೆಯ ಮೋಟಾರಿನ) ಫ್ಯಾನು ಹಾಕಿದರೆ ಅಷ್ಟೇ ತಾಸಿಗೆ ಇಪ್ಪತ್ತು ಫ್ಯಾನಿನಿಂದ 324 ಯೂನಿಟ್ಟು. ಆದರೆ ಗೋಡೌನಿನಲ್ಲಿ ದಿನಕ್ಕೆ ಅರ್ಧ ತಾಸು ಉರಿಯುವ ಟ್ಯೂಬನ್ನು ಬದಲಾಯಿಸುವ ಅವಸರ ಬೇಡ, ಅದರ ಖರ್ಚು ಬೇಗ ಹುಟ್ಟುವುದಿಲ್ಲ.

ವಯರಿಂಗಿನ ವಿಷಯವನ್ನು ಉಳಿತಾಯದ ಲೆಕ್ಕಕ್ಕೆ ಸೇರಿಸದೆ ನೋಡಬೇಕು. ನಮ್ಮ ಉಪ್ಪುಗಾಳಿಗೆ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ, ಜಾಯಿಂಟು ಸಡಿಲವಾಗುತ್ತದೆ. ನಾನು ತೆರೆದ ಒಂದು ಬೋರ್ಡಿನಲ್ಲಿ ಲಗ್ಗಿನ (ತಂತಿಯ ತುದಿಗೆ ಹಾಕುವ ಲೋಹದ ಕೊಂಡಿಯ) ಬುಡದ ಇನ್ಸುಲೇಶನ್ ಕಂದು ಬಣ್ಣಕ್ಕೆ ತಿರುಗಿ, ಬೆರಳಿನಿಂದ ಒತ್ತಿದರೆ ಪುಡಿಯಾಗಿ ಉದುರುತ್ತಿತ್ತು. ಅಲ್ಲಿ ನಷ್ಟವಾಗುತ್ತಿದ್ದ ಯೂನಿಟ್ಟು ಅಲ್ಪವೇ, ಆದರೆ ಸುತ್ತಲೂ ಬಟ್ಟೆಯ ರಾಶಿಯಿತ್ತು. ಮುಖ್ಯವಾಗಿ ಕರೆಂಟು ಮರಳುವ ತಂತಿಯಾದ ನ್ಯೂಟ್ರಲನ್ನು ಪರೀಕ್ಷಿಸಿರಿ. ಮೂರು ಫೇಸಿನ ಜೋಡಣೆಯಲ್ಲಿ ನ್ಯೂಟ್ರಲ್ ಕಡಿದರೆ 230 ವೋಲ್ಟ್ ಇರಬೇಕಾದ ಕಡೆ 400ರ ಹತ್ತಿರದವರೆಗೂ ಬಂದು ಸಾಮಾನೆಲ್ಲ ಸುಟ್ಟುಹೋಗಬಹುದು. ಎಲ್‌ಇಡಿ, ಕಂಪ್ಯೂಟರುಗಳು ಹೆಚ್ಚಿದಂತೆ ನ್ಯೂಟ್ರಲಿನಲ್ಲಿ ಹರಿಯುವ ಕರೆಂಟೂ ಹೆಚ್ಚುವುದರಿಂದ ಅದು ಫೇಸಿನಷ್ಟೇ ದಪ್ಪವಿರಬೇಕು. ಅರ್ತಿಂಗನ್ನು ಮಳೆಗಾಲದಲ್ಲಿ ಅಳೆದು ಸಮಾಧಾನಪಡಬೇಡಿ. ಮುರಕಲ್ಲಿನ ನೆಲ ಒಣಗುವ ಏಪ್ರಿಲ್, ಮೇ ತಿಂಗಳಲ್ಲಿ ಅಳೆದ ಓಮ್ ಲೆಕ್ಕವೇ (ನೆಲಕ್ಕೆ ಕರೆಂಟು ಇಳಿಯಲು ಇರುವ ತಡೆ) ನಿಜವಾದದ್ದು.

ಬಿಲ್ಲಿನಲ್ಲಿ ಮಂಜೂರಾದ ಲೋಡು (ಮೆಸ್ಕಾಂ ನಿಮಗೆ ಕೊಡಲೊಪ್ಪಿದ ಕಿಲೋವ್ಯಾಟ್) ಮತ್ತು ದಾಖಲಾದ ಗರಿಷ್ಠ ಬೇಡಿಕೆ (ನೀವು ಒಮ್ಮೆಗೆ ಎಳೆದ ಅತಿ ಹೆಚ್ಚು ಕಿಲೋವ್ಯಾಟ್) ಎರಡನ್ನೂ ಒಂದು ವರ್ಷದ ಮಟ್ಟಿಗೆ ಹೋಲಿಸಿರಿ. ನಿಗದಿತ ಶುಲ್ಕ ಮಂಜೂರಾದ ಲೋಡಿನ ಮೇಲೆ ಬೀಳುವುದರಿಂದ, ಬಳಸದ ಲೋಡಿಗೆ ಪ್ರತಿ ತಿಂಗಳೂ ಹಣ ಕಟ್ಟುತ್ತಿರುವ ಅಂಗಡಿಗಳು ಬಹಳ ಇವೆ.

ಉಡುಪಿಯ ಹೋಟೆಲಿನವರೊಬ್ಬರು:

ಅವರು ಹೇಳಿದಂತೆ ಅಳತೆ ಮಾಡಿಸಿದ್ದರಿಂದ ನಮಗೆ ಪ್ರಯೋಜನವಾಗಿದೆ. ನಮ್ಮ ಡೀಪ್ ಫ್ರೀಜರನ್ನು ಜಾಗದ ಅನುಕೂಲಕ್ಕೆಂದು ದೋಸೆ ಕಾವಲಿಯ ಪಕ್ಕದಲ್ಲೇ ಇಟ್ಟಿದ್ದೆವು, ಅದರ ಕಂಪ್ರೆಸರ್ ನಿಂತದ್ದೇ ಇಲ್ಲ ಎಂಬುದು ಅಳೆದಾಗಲೇ ತಿಳಿದದ್ದು. ಬಾಗಿಲಿಗೆ ಒಂದು ಹತ್ತು ರೂಪಾಯಿ ನೋಟು ಸಿಕ್ಕಿಸಿ ಎಳೆದು ನೋಡಿದಾಗ ಸಲೀಸಾಗಿ ಬಂದುಬಿಟ್ಟಿತು, ರಬ್ಬರು ಸತ್ತಿತ್ತು. ರಬ್ಬರು ಬದಲಾಯಿಸಿ, ಫ್ರೀಜರನ್ನು ಹಿಂದಿನ ಕೋಣೆಗೆ ಸಾಗಿಸಿದ ಮೇಲೆ ಕಂಪ್ರೆಸರ್ ನಡುನಡುವೆ ನಿಲ್ಲತೊಡಗಿತು. ನಮಗೆ ಫ್ರೀಜರು ಹೇಗೋ, ಬಟ್ಟೆ ಅಂಗಡಿಗೆ ಏಸಿ ಹಾಗೆ. ಹೊರಗಿನ ಯೂನಿಟ್ಟಿನ ಕಾಯಿಲನ್ನು ಮಳೆಗಾಲ ಮುಗಿದ ಕೂಡಲೇ ತೊಳೆಸಿರಿ, 24 ಡಿಗ್ರಿಗಿಂತ ಕೆಳಗೆ ಇಡಬೇಡಿ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಎಣಿಸಿದಾಗ ನಿಮಿಷಕ್ಕೆ 43 ಬಂತು, ನಮ್ಮ ಮೀಟರಿನಲ್ಲೂ 3200 ಎಂದೇ ಇದೆ. ಹೊರಗಿನ ಬೋರ್ಡಿನ ದೀಪ ಬೆಳಗಿನ ತನಕ ಉರಿಯುತ್ತದೆ, ಉಳಿದದ್ದು ಇನ್ನೂ ಗೊತ್ತಾಗಿಲ್ಲ. ಸೋಲಾರ್ ಬೇಡವೇ ಬೇಡ ಎಂದು ತಿಳಿಯಬೇಕೇ?

ಮಂಗಳೂರಿನ ಗುತ್ತಿಗೆದಾರರು:

43 ಎಂದರೆ ಸುಮಾರು 0.8 ಕಿಲೋವ್ಯಾಟ್. ಬೋರ್ಡಿಗೆ ಟೈಮರ್ ಹಾಕಿಸಿರಿ, ಉಳಿದದ್ದನ್ನು ಬ್ರೇಕರ್ ಇಳಿಸಿ ಹುಡುಕಿರಿ. ಸೋಲಾರ್ ಬೇಡವೆನ್ನುವುದಿಲ್ಲ, ಹಗಲು ನಡೆಯುವ ಅಂಗಡಿಗೆ ಅದು ಹೊಂದುತ್ತದೆ. ಆದರೆ ಇಂದಿನ ಖರ್ಚಿಗೆ 10 ಕಿಲೋವ್ಯಾಟ್ ಬೇಕೆಂದು ಕಂಡರೂ ದೀಪ, ಫ್ಯಾನು ಬದಲಾದ ಮೇಲೆ ಅಷ್ಟು ಬೇಕಾಗಲಿಕ್ಕಿಲ್ಲ. ಒಂದು ಕಿಲೋವ್ಯಾಟಿಗೆ ತಾರಸಿಯಲ್ಲಿ ಸುಮಾರು ಹತ್ತು ಚದರ ಮೀಟರ್ ಜಾಗವೂ ಬೇಕು. ಮಳೆಗಾಲದ ನಾಲ್ಕು ತಿಂಗಳು ಉತ್ಪಾದನೆ ಕುಸಿಯುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ, ಬೋಲ್ಟುಗಳು ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲಿನವೇ ಆಗಲಿ ಎಂದು ಕರಾರಿನಲ್ಲಿ ಬರೆಸಿರಿ. ಕೆಲಸ ಯಾರಿಗೆ ಕೊಟ್ಟರೂ ಅವರ ಲೈಸೆನ್ಸು ನೋಡಿ, ಇನ್ಸುಲೇಶನ್ ಮತ್ತು ಅರ್ತಿಂಗಿನ ಪರೀಕ್ಷಾ ವರದಿ ಕೈಗೆ ಬಂದ ಮೇಲೆಯೇ ಕೊನೆಯ ಕಂತು ಕೊಡಿ.